ಮರೂನ್ ದಿಂಬಿನ ಮನೆ

ಆ ಬಿಳಿ ಅಂಗಿ ಅವಳ ಕೈಯಲ್ಲಿತ್ತು. ಅಂಗಿಯ ಒಡೆಯ ಎದುರಿಗೇ ನಿಂತಿದ್ದ. ಅಷ್ಟರಲ್ಲಿ ಅವಳ ಮೂಗಿನೊಳಗೆ ಆ ಹಳೆಯ, ಪರಿಚಿತ ಬಿಸಿ ಸುಳಿಯಿತು.

ಅಯ್ಯೋ... ಈಗಲೇ ಬರಬೇಕಾ?

ಕರ್ಚೀಫು ತೆಗೆಯುವಷ್ಟೂ ಪುರುಸೊತ್ತು ಸಿಗಲಿಲ್ಲ. ಇಸ್ತ್ರಿ ಮಾಡಿ ಮಡಿಸಿಟ್ಟ ಅಂಗಿಯ ತೋಳಿನ ಪಟ್ಟಿಯ ಮೇಲೆ ಒಂದು ಹನಿ ಬಿದ್ದೇಬಿಟ್ಟಿತು.

ಅವನು ನೋಡಲಿಲ್ಲ. ಗಾಜು ಕತ್ತರಿಸಿ ಕಿಟಕಿ, ಕನ್ನಡಿ ಕೂರಿಸುವುದು ಅವನ ಕೆಲಸ. ಹೊರಗೆ ಗಾಡಿಯಲ್ಲಿ ನಿಲ್ಲಿಸಿ ಬಂದಿದ್ದ ಗಾಜಿನ ಹಾಳೆಗೆ ಯಾರಾದರೂ ತಾಗಿಬಿಟ್ಟಾರೆಂದು ಅತ್ತಲೇ ಕಣ್ಣು ನೆಟ್ಟಿದ್ದ.

ಒಂದು ಸುಕ್ಕು ಉಳಿದಿದೆ, ಒಂದೇ ನಿಮಿಷ ಎಂದು ಹೇಳಿ ಅವಳು ಅಂಗಿಯೊಂದಿಗೆ ಇಸ್ತ್ರಿ ಮೇಜಿನತ್ತ ತಿರುಗಿದಳು. ಒಂದು ಕೈಯಲ್ಲಿ ಮೂಗು ಒತ್ತಿ ಹಿಡಿದಳು. ಇನ್ನೊಂದರಲ್ಲಿ ಒದ್ದೆ ಬಟ್ಟೆಯಿಂದ ಕಲೆ ಒರೆಸಿದಳು. ಕಲೆ ಮಾಸಿತು, ಪೂರ್ತಿ ಹೋಗಲಿಲ್ಲ. ತೋಳು ಒದ್ದೆಯಾಗಿತ್ತು. ಗಾಬರಿಯಲ್ಲಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿಬಿಟ್ಟಳು!

ಲಾಂಡ್ರಿಗೆ ಕೆಲಸಕ್ಕೆ ಸೇರಿದವರಿಗೆ ಮೊಟ್ಟಮೊದಲು ಹೇಳಿಕೊಡುವ ಪಾಠವೇ ಅದು: ರಕ್ತಕ್ಕೆ ತಣ್ಣೀರು, ಬಿಸಿ ತಾಗಿಸಿದರೆ ಕೆಟ್ಟೆ. ಎಷ್ಟೋ ಹೊಸಬರಿಗೆ ಅವಳೇ ಈ ಪಾಠ ಹೇಳಿಕೊಟ್ಟಿದ್ದಳು. ಈಗ ಅವಳ ಕಣ್ಣೆದುರೇ ಆ ಕಲೆ ಕಂದು ಬಣ್ಣಕ್ಕೆ ತಿರುಗಿ ಬಟ್ಟೆಗೆ ಕಚ್ಚಿಕೊಂಡಿತು. ನೋಡಿದವರು ವಾರದ ಹಿಂದಿನದು ಎನ್ನಬೇಕು, ಹಾಗಿತ್ತು.

"ಏನಮ್ಮಾ ಅದು?"

ಹಿಂದೆ ಯಜಮಾನರು ನಿಂತಿದ್ದರು. ಕೆಟ್ಟವರಲ್ಲ. ಆದರೆ ಗಿರಾಕಿಯ ಬಟ್ಟೆ ಕೆಟ್ಟರೆ ಅವರಿಗೆ ಊಟ ಸೇರುವುದಿಲ್ಲ.

ಆ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಬಟ್ಟೆ ಬಂದ ಕೂಡಲೇ ಹರಡಿ ನೋಡಿ, ಮೊದಲೇ ಕಲೆ ಇದ್ದರೆ ಅದರ ಪಕ್ಕ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಬೇಕು. ದಾರವಿದ್ದರೆ ಕಲೆ ಗಿರಾಕಿಯದು, ಇಲ್ಲದಿದ್ದರೆ ಅಂಗಡಿಯದು. ಅದರ ಮೇಲೆ ಮಾತಿಲ್ಲ.

ಯಜಮಾನರು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅವಳ ಬೆರಳು ಸೂಜಿಯತ್ತ ಹೋಗಿತ್ತು. ಒಂದು ಹೊಲಿಗೆ, ಒಂದು ಗಂಟು.

"ಬಂದಾಗಲೇ ಇತ್ತು ಸಾರ್. ದಾರ ಹಾಕಿದೀನಿ, ನೋಡಿ."

ಯಜಮಾನರು ನಿಟ್ಟುಸಿರು ಬಿಟ್ಟು ಗಾಜಿನವನನ್ನು ಕರೆದರು. ಅವನು ಬಂದು ತೋಳಿನ ಪಟ್ಟಿ ನೋಡಿದ, ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡ. ಎರಡಕ್ಕೆ ಗಾಯದ ಪಟ್ಟಿ ಸುತ್ತಿತ್ತು, ಉಳಿದವುಗಳ ಮೇಲೆ ಹಳೆಯ ಗೀರುಗಳಿದ್ದವು.

ಬಯ್ಯಲಿ, ಜಗಳವಾಡಲಿ ಎಂದು ಅವಳು ಕಾದಳು. ಅವನ ಮುಖ ಮಾತ್ರ ಪೆಚ್ಚಾಯಿತು.

"ನಂದೇ ಇರಬೇಕು. ಈ ಕೈ ಯಾವಾಗಲೂ ಹೀಗೇ... ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ. ಕ್ಷಮಿಸಿ ಮೇಡಂ."

ಅವನಿಗೆ ಇದ್ದದ್ದು ಅದೊಂದೇ ಒಳ್ಳೆಯ ಅಂಗಿ. ಹೊಸದಾಗಿ ಏಳುತ್ತಿದ್ದ ಹೋಟೆಲಿನ ಕನ್ನಡಿಗಳ ಕೆಲಸ ಕೇಳಲು ಮರುದಿನ ಅದನ್ನೇ ತೊಟ್ಟು ಹೋಗಬೇಕಿತ್ತು. ತೋಳು ಮಡಿಸಿಕೊಂಡರೆ ಯಾರಿಗೂ ಕಾಣುವುದಿಲ್ಲ ಎಂದು ಅವಳಿಗೇ ಸಮಾಧಾನ ಹೇಳಿ ಹೊರಟುಹೋದ.

ತನ್ನ ರಕ್ತಕ್ಕೆ ಅವನು ಕ್ಷಮೆ ಕೇಳಿದ! ಅವಳು ತಲೆ ತಗ್ಗಿಸಿ ನಿಂತೇ ಇದ್ದಳು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಇಷ್ಟಕ್ಕೆ ಇಷ್ಟು ದೊಡ್ಡ ಸುಳ್ಳೇ ಎಂದು ಯಾರಾದರೂ ಕೇಳಬಹುದು. ಅವಳು ಬೆಳೆದ ಮನೆ ನೋಡಿದವರು ಕೇಳುವುದಿಲ್ಲ.

ಆ ಮನೆಯಲ್ಲಿ ದಿಂಬಿನ ಚೀಲಗಳೆಲ್ಲ ಮರೂನ್ ಬಣ್ಣದವು. ಹೊದಿಕೆ, ಟವೆಲ್ಲು, ಕರ್ಚೀಫು ಎಲ್ಲವೂ ಮರೂನ್. ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಏನು ಬಿದ್ದಿದೆ ಎಂದು ಕಣ್ಣಿಗೆ ಬೀಳಬಾರದಲ್ಲ! ಅಜ್ಜಿಗೆ ಮೂಗಿನಿಂದ ರಕ್ತ ಬರುತ್ತಿತ್ತು, ಅಮ್ಮನಿಗೆ ಬರುತ್ತಿತ್ತು, ಅವಳಿಗೂ ಬರುತ್ತದೆ. ಅಮ್ಮ ಹೋದ ಮೇಲೆ ಅವಳನ್ನು ಸಾಕಿದ, ಅಮ್ಮನ ತಂಗಿಯಾದ ಚಿಕ್ಕಮ್ಮ ಇದಕ್ಕೆ ಇಟ್ಟ ಹೆಸರು "ನಮ್ಮ ಮನೆತನದ ಉಷ್ಣ".

"ಉಷ್ಣ ಯಾರಿಗಿಲ್ಲ? ಡಂಗುರ ಸಾರಬೇಕಾ? ಗೊತ್ತಾದ್ರೆ ನಿನ್ನನ್ನ ಯಾರು ಮದುವೆ ಆಗ್ತಾರೆ?"

ಚಿಕ್ಕಮ್ಮ ಮಕ್ಕಳ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದರು. ದಿನವಿಡೀ ಎಲ್ಲರಿಗೂ ಸುಮ್ಮನಿರಿ ಎಂದು ಹೇಳಿ ಅದೇ ಅಭ್ಯಾಸವಾಗಿತ್ತು. ಗೆಳತಿಯ ಮನೆಯಲ್ಲಿ ಮಲಗಕೂಡದು. ತಿಳಿ ಬಣ್ಣದ ಬಟ್ಟೆ ಕೊಳ್ಳಕೂಡದು. ತುಟಿಯ ಮೇಲೆ, ನಾಲಿಗೆಯ ಮೇಲೆ ವರ್ಷಕ್ಕಿಷ್ಟರಂತೆ ಮೂಡುತ್ತಿದ್ದ ಸಣ್ಣ ಕೆಂಪು ಚುಕ್ಕೆಗಳನ್ನು ಯಾರೂ ನೋಡಕೂಡದು. ಅದಕ್ಕೆ ಗಾಢ ಲಿಪ್‌ಸ್ಟಿಕ್ ಇತ್ತು.

ಅಮ್ಮ ತೀರಿಕೊಂಡದ್ದು ಒಂದು ಮಧ್ಯಾಹ್ನ. ಬಟ್ಟೆ ಒಣಹಾಕುತ್ತಿದ್ದವರು ತಲೆ ಸಿಡಿಯುತ್ತಿದೆ ಎಂದು ಕುಳಿತರು, ಮತ್ತೆ ಏಳಲಿಲ್ಲ. ಮೆದುಳಿನಲ್ಲಿ ರಕ್ತಸ್ರಾವ ಎಂದರು ಆಸ್ಪತ್ರೆಯವರು. ಬಿ.ಪಿ. ಜಾಸ್ತಿಯಾಗಿತ್ತು ಎಂದು ಚಿಕ್ಕಮ್ಮ ಬಂದವರಿಗೆಲ್ಲ ಹೇಳಿದರು. ಮೂಗಿನ ಮಾತು ಯಾರೂ ಎತ್ತಲಿಲ್ಲ.

ಗಾಜಿನವನು ಮತ್ತೆ ಬರಲಾರ ಅಂದುಕೊಂಡಿದ್ದಳು. ಬಂದ. ಮತ್ತೊಂದು ಅಂಗಿ ತಂದ. ಅದನ್ನು ಪೇಪರಿನಲ್ಲಿ ಸುತ್ತಿ, ಕೈಗೆ ಗ್ಲೌಸ್ ಹಾಕಿಕೊಂಡು ತಂದಿದ್ದ.

"ಇವತ್ತು ಕಲೆ ಇಲ್ಲ ಮೇಡಂ. ಬೇಕಾದ್ರೆ ಹರಡಿ ನೋಡಿ."

ಹೋಟೆಲಿನ ಕೆಲಸ ತನಗೇ ಸಿಕ್ಕಿತೆಂದು ಹೇಳಿದ. ಅವಳಿಗೆ ಎದೆಯ ಮೇಲಿನ ಭಾರ ಸ್ವಲ್ಪ ಇಳಿದಂತಾಯಿತು. ಆದರೆ ಆ ಗ್ಲೌಸ್... ಗಾಜಿನ ಕೆಲಸದವರಿಗೆ ಬೆರಳ ತುದಿಯೇ ಕಣ್ಣು, ಅಂಚು ಎಲ್ಲಿ ಮೊನಚಾಗಿದೆ ಎಂದು ಮುಟ್ಟಿಯೇ ತಿಳಿಯಬೇಕು ಎಂದು ಅವನೇ ಮಾತಿನ ಮಧ್ಯೆ ಹೇಳಿದ್ದ. ಮತ್ತೆ ಗ್ಲೌಸ್ ಯಾಕೆ ಎಂದರೆ ನಕ್ಕ. ಇನ್ನೊಬ್ಬರ ಕೆಲಸ ಕೆಡಿಸಿ ಮುಜುಗರಪಟ್ಟದ್ದು ಸಾಕಾಗಿದೆ, ಅಂದ.

ಹೇಳಿಬಿಡು! ಈಗಲೇ ಹೇಳಿಬಿಡು, ಎಂದಿತು ಅವಳ ಮನಸ್ಸು. ನಾಲಿಗೆ ಹೊರಳಲಿಲ್ಲ.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಇದ್ದಬದ್ದ ಬಟ್ಟೆಯನ್ನೆಲ್ಲ ಅವನು ತಂದು ಹಾಕಿದ. ಕೊನೆಗೆ ಕಿಟಕಿಯ ಪರದೆಯನ್ನೂ ಬಿಚ್ಚಿ ತಂದಾಗ ಯಜಮಾನರು ಕನ್ನಡಕದ ಮೇಲಿಂದ ನೋಡಿ, ಮುಂದಿನ ವಾರ ಹಾಸಿಗೆಯನ್ನೇ ಹೊತ್ತು ತರುತ್ತೀಯೇನಪ್ಪ ಎಂದು ಕಾಲೆಳೆದರು. ಅವಳು ಸದಾ ಒಂದೇ ಬಣ್ಣ ಉಡುತ್ತಾಳೆಂದು ಅವನು ಅವಳನ್ನು "ಮರೂನ್ ಮೇಡಂ" ಎಂದು ಕರೆಯತೊಡಗಿದ. ಕೆಲವು ತಿಂಗಳಲ್ಲಿ ಮೇಡಂ ಉದುರಿತು, ಮರೂನ್ ಉಳಿಯಿತು.

"ಅಷ್ಟು ಇಷ್ಟಾನಾ ಆ ಬಣ್ಣ?" ಎಂದು ಒಮ್ಮೆ ಕೇಳಿದ.

ಹೂಂ ಅಂದಳು. ಅದು ಎರಡನೇ ಸುಳ್ಳು. ಅವಳಿಗೆ ಇಷ್ಟವಾದದ್ದು ಬಿಳಿ. ಅಂಗಡಿಯಲ್ಲಿ ಬಿಳಿ ಬಟ್ಟೆ ಇಸ್ತ್ರಿ ಮಾಡುವಾಗಲೆಲ್ಲ ಒಮ್ಮೆ ತನ್ನ ಮೈಗೆ ಹಿಡಿದು ನೋಡಿ ಮಡಿಸುತ್ತಿದ್ದಳು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನ ಕಾರ್ಖಾನೆಗೆ ಹೋಗುವುದು ರೂಢಿಯಾಯಿತು. ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ನಡುವೆ ಕಂಬಳಿ ಹಾಸಿದ ಮೇಜು, ಗೋಡೆಗೆ ಒರಗಿಸಿದ ಗಾಜುಗಳು. ಅಲ್ಲಿ ಕುಳಿತು ಟೀ ಕುಡಿಯುತ್ತ ಅವನ ಮಾತು ಕೇಳುತ್ತಿದ್ದಳು. ಮೂಗು ಬಿಸಿಯಾದರೆ ಸಾಕು, ಹೊತ್ತಾಯಿತು ಎಂದು ಎದ್ದು ಓಡುತ್ತಿದ್ದಳು. ನನ್ನ ಮಾತು ಅಷ್ಟು ಬೇಜಾರೇ ಎಂದು ಅವನು ಪೇಚಾಡಿಕೊಳ್ಳುತ್ತಿದ್ದ.

ಒಂದು ಸಂಜೆ ಅಂಗೈಯಗಲದ ಕನ್ನಡಿಯೊಂದನ್ನು ಅವಳ ಮುಂದಿಟ್ಟ. ಸುತ್ತಲೂ ಅಂಚು ಉಜ್ಜಿ ಉಜ್ಜಿ ನುಣುಪು ಮಾಡಿದ್ದ.

"ಎಲ್ಲಿ ಮುಟ್ಟಿದ್ರೂ ಕೊಯ್ಯಲ್ಲ. ನಿನಗೆ ಅಂತ ಮಾಡಿದ್ದು." ಆಮೇಲೆ ಕನ್ನಡಿಯನ್ನೇ ನೋಡುತ್ತ ಅಂದ, "ನಾವಿಬ್ರೂ ಮದುವೆ ಆಗೋಣ್ವಾ? ಯೋಚನೆ ಮಾಡಿ ಹೇಳು. ಅವಸರ ಇಲ್ಲ."

ಅವಸರವಿಲ್ಲ ಎಂದವನ ಕಿವಿ ಕೆಂಪಾಗಿತ್ತು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಕನ್ನಡಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ನಾಳೆ ಎಲ್ಲ ಹೇಳಿಬಿಡುತ್ತೇನೆ, ಖಂಡಿತ ಹೇಳುತ್ತೇನೆ ಎಂದು ನಿಶ್ಚಯಿಸಿಕೊಂಡಳು.

ಆದರೆ ಮರುದಿನ ಬೆಳಿಗ್ಗೆ ಶುರುವಾದ ರಕ್ತ ನಿಲ್ಲಲಿಲ್ಲ. ಮರೂನ್ ಟವೆಲ್ಲೊಂದು ಪೂರ್ತಿ ತೊಯ್ದಿತು. ಜೊತೆಗೆ ಕೆಲವು ವಾರಗಳಿಂದ ಬಂದು ಹೋಗುತ್ತಿದ್ದ ತಲೆನೋವು. ಅಮ್ಮನ ನೆನಪಾಯಿತು. ಚಿಕ್ಕಮ್ಮನಿಗೆ ತಿಳಿಸದೆ ಆಸ್ಪತ್ರೆಗೆ ಹೋದಳು.

ಮೂಗು, ಗಂಟಲು ನೋಡುವ ಡಾಕ್ಟರಮ್ಮ ಮೊದಲು ರಕ್ತ ನಿಲ್ಲಿಸಿದರು. ಆಮೇಲೆ ಅವಳ ಬೆರಳ ತುದಿಗಳನ್ನು ತಿರುಗಿಸಿ ನೋಡಿದರು. ಹತ್ತಿಯ ಉಂಡೆಯೊಂದನ್ನು ಕೈಗಿಟ್ಟರು.

"ಲಿಪ್‌ಸ್ಟಿಕ್ ಒರೆಸಿ, ನೋಡೋಣ."

ಬಟ್ಟೆ ಬಿಚ್ಚಿ ಅಂದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಒರೆಸಿದಳು. ಕೆಂಪು ಚುಕ್ಕೆಗಳು ಬೆಳಕಿಗೆ ಬಂದವು. ಡಾಕ್ಟರಮ್ಮ ಮುಖ ಸಿಂಡರಿಸಲಿಲ್ಲ. ಮನೆಯಲ್ಲಿ ಇನ್ನು ಯಾರಿಗೆ ಹೀಗಿದೆ, ಅಮ್ಮ ಹೇಗೆ ಹೋದರು ಎಂದು ಒಂದೊಂದಾಗಿ ಕೇಳಿದರು. ಕೇಳುತ್ತ ಹೋದಂತೆ ಅವರ ಪೆನ್ನು ನಿಂತಿತು. ಅಂದೇ ತಲೆಯ ಎಂ.ಆರ್.ಐ. ಸ್ಕ್ಯಾನಿಗೆ ಕಳಿಸಿದರು. ಒಂದು ವಾರದ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು.

ಇದು ಉಷ್ಣವಲ್ಲ. ಹುಟ್ಟಿನಿಂದಲೇ ಬರುವ, ತಾಯಿಯಿಂದಲೋ ತಂದೆಯಿಂದಲೋ ಮಕ್ಕಳಿಗೆ ಇಳಿಯುವ ಅಪರೂಪದ ಕಾಯಿಲೆ. ಹೃದಯದಿಂದ ರಭಸವಾಗಿ ಬರುವ ರಕ್ತ ಕೂದಲೆಳೆಯಂಥ ಸಣ್ಣ ನಾಳಗಳಲ್ಲಿ ಹರಡಿ, ನಿಧಾನವಾಗಿ, ವಾಪಸು ಹೋಗುವ ನಾಳವನ್ನು ಸೇರಬೇಕು. ಈ ಕಾಯಿಲೆ ಇರುವವರ ಮೈಯಲ್ಲಿ ಅಲ್ಲಲ್ಲಿ ಆ ಸಣ್ಣ ನಾಳಗಳೇ ಇರುವುದಿಲ್ಲ. ದೊಡ್ಡದು ದೊಡ್ಡದಕ್ಕೇ ನೇರ ಸೇರಿಬಿಡುತ್ತದೆ. ಅಲ್ಲಿ ಗೋಡೆ ತೆಳು, ಒತ್ತಡ ಹೆಚ್ಚು. ಮೂಗಿನಲ್ಲಿ, ತುಟಿಯಲ್ಲಿ ಆದರೆ ಕಣ್ಣಿಗೆ ಕಾಣುತ್ತದೆ. ಕೆಲವರಿಗೆ ಮೆದುಳಿನಲ್ಲೂ ಆಗುತ್ತದೆ. ಅವಳಿಗೆ ಆಗಿತ್ತು. ಬಲಗಡೆ, ಒಂದು ಗಂಟು.

"ಒಡೆದಿಲ್ಲ. ಒಡೆಯೋಕೆ ಮುಂಚೆ ಸಿಕ್ಕಿದೆ. ನಿಮ್ಮ ತಾಯಿಗೆ ಆ ಅವಕಾಶ ಸಿಗಲಿಲ್ಲ."

ತೊಡೆಯ ರಕ್ತನಾಳದಿಂದ ತೆಳ್ಳನೆಯ ನಳಿಗೆಯೊಂದನ್ನು ಮೆದುಳಿನವರೆಗೆ ತೂರಿಸಿ, ಅಂಟಿನಂಥ ಔಷಧಿ ತುಂಬಿ ಗಂಟನ್ನು ಮುಚ್ಚಬಹುದು. ಅದರಲ್ಲೂ ಅಪಾಯವಿದೆ, ಹಾಗೇ ಬಿಟ್ಟರೂ ಅಪಾಯವಿದೆ. ಎಲ್ಲ ಡಾಕ್ಟರುಗಳೂ ಕೂತು ನೋಡಿದ್ದಾರೆ, ಅವಳ ಗಂಟಿಗೆ ಚಿಕಿತ್ಸೆ ಮಾಡುವುದೇ ಮೇಲು ಎಂದು ಅವರ ಅಭಿಪ್ರಾಯ. ಮೂಗಿನ ರಕ್ತ ಆಮೇಲೂ ಬರುತ್ತಿರುತ್ತದೆ, ಅದಕ್ಕೆ ಬೇರೆ ಔಷಧಿ. ಚಿಕ್ಕಮ್ಮನನ್ನೂ ಪರೀಕ್ಷೆ ಮಾಡಿಸಬೇಕು. ಮುಂದೆ ಮಕ್ಕಳಾದರೆ ಅರ್ಧಕ್ಕರ್ಧ ಸಾಧ್ಯತೆ ಇರುತ್ತದೆ, ಆದರೆ ಗೊತ್ತಿದ್ದರೆ ಮೊದಲೇ ಪರೀಕ್ಷಿಸಿ ಕಾಪಾಡಬಹುದು ಎಂದೂ ಹೇಳಿದರು.

ಮನೆಗೆ ಬಂದು ಹೇಳಿದಾಗ ಚಿಕ್ಕಮ್ಮ ಮೊದಲು ಮಾಡಿದ ಕೆಲಸ ಕಿಟಕಿ ಮುಚ್ಚಿದ್ದು.

"ಆ ಹುಡುಗನಿಗೆ ಹೇಳಿದ್ಯಾ?"

"ಇಲ್ಲ."

"ಹೇಳಬೇಡ. ತಲೆಯೊಳಗೆ ಗಂಟಿದೆ, ಹುಟ್ಟೋ ಮಗುಗೂ ಬರಬಹುದು ಅಂದ್ರೆ ನಿಲ್ತಾನಾ ಅವನು? ಅವನಾಗಿ ಬಿಟ್ಟು ಹೋದ್ರೆ ಊರೆಲ್ಲ ಕಾರಣ ಕೇಳುತ್ತೆ. ನೀನೇ ಬೇಡ ಅಂದುಬಿಡು."

ಚಿಕ್ಕಮ್ಮ ಹೇಳಿದ್ದಕ್ಕೆ ಅವಳು ಹಾಗೆ ಮಾಡಿದಳು ಎಂದರೆ ಅರ್ಧ ನಿಜ. ಉಳಿದರ್ಧ ಅವಳ ಹೇಡಿತನ. ಸತ್ಯ ಹೇಳಿದರೆ ಮೊದಲ ದಿನದ ಆ ದಾರದ ಮಾತನ್ನೂ ಹೇಳಬೇಕಿತ್ತು. ಕಾಯಿಲೆಗಿಂತ ಅವಳಿಗೆ ಅದರ ನಾಚಿಕೆಯೇ ಹೆಚ್ಚಾಗಿತ್ತು.

ಅವನು ಉತ್ತರ ಕೇಳಲು ಅಂಗಡಿಯ ಹಿಂಬಾಗಿಲಿಗೆ ಬಂದ. ಅವಳು ಹಂಡೆಯ ಪಕ್ಕ ನಿಂತಿದ್ದಳು. ಏನು ಹೇಳಬೇಕೆಂದು ಮೊದಲೇ ಯೋಚಿಸಿಟ್ಟಿದ್ದಳು, ಅವನು ಮತ್ತೆ ತಿರುಗಿ ನೋಡಬಾರದು, ಅಂಥದ್ದು.

"ಬೇಡ. ನಿನ್ನ ಕೈ ನೋಡಿದ್ರೆ ನನಗೆ ಹೇಸಿಗೆ ಆಗುತ್ತೆ. ಯಾವಾಗ ನೋಡಿದ್ರೂ ರಕ್ತ... ಮೊದಲ ದಿನದಿಂದಲೂ ಅಷ್ಟೇ."

ಅವನು ಗ್ಲೌಸಿನ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ. ತಪ್ಪು ಮಾಡಿದವರು ಅಡಗಿಸಿಕೊಳ್ಳುತ್ತಾರಲ್ಲ, ಹಾಗೆ. ತಲೆಯಾಡಿಸಿ ಹೊರಟುಹೋದ.

ಮೊದಲು ತನ್ನ ರಕ್ತವನ್ನು ಅವನ ತಲೆಗೆ ಕಟ್ಟಿದ್ದಳು. ಈಗ ಅದೇ ರಕ್ತದ ನೆಪ ಹೇಳಿ ಅವನನ್ನು ದೂಡಿದ್ದಳು. ಛೀ... ನಾನೂ ಒಂದು ಹೆಣ್ಣಾ?

ಯಜಮಾನರು ಸುದ್ದಿ ತಂದದ್ದು ಕೆಲವು ದಿನಗಳ ಮೇಲೆ. ಗಾಜಿನವನ ಕೈತಪ್ಪಿ ಹೋಟೆಲಿನ ಎಲ್ಲಕ್ಕಿಂತ ದೊಡ್ಡ ಕನ್ನಡಿ ಚೂರುಚೂರಾಗಿದೆ, ಕೆಲಸ ಬೇರೆಯವರ ಪಾಲಾಗಿದೆ ಅಂದರು.

"ಒಂದರ ಮೇಲೊಂದು ಎರಡು ಜೊತೆ ಗ್ಲೌಸ್ ಹಾಕಿದ್ನಂತೆ ಕಣಮ್ಮಾ. ಹಿಡಿತ ಹೇಗೆ ಸಿಗುತ್ತೆ? ತೆಗೀ ಅಂದ್ರೆ, ಇನ್ಮೇಲೆ ಯಾರ ಕಣ್ಣಿಗೂ ನನ್ನ ಕೈ ಕಾಣಬಾರದು ಅಂದ್ನಂತೆ. ಹುಚ್ಚು."

ಅವಳ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ನಿಂತಿತು. ಸುಟ್ಟ ವಾಸನೆ ಬಂದಾಗ ಯಜಮಾನರೇ ಎತ್ತಿಟ್ಟರು.

ಅವನ ಕಾರ್ಖಾನೆಯ ಬಾಗಿಲಲ್ಲಿ ನಿಂತು ಅವಳು ಚೀಲದಿಂದ ಆ ಪುಟ್ಟ ಕನ್ನಡಿ ತೆಗೆದಳು. ಅದರಲ್ಲಿ ನೋಡಿಕೊಂಡು ಲಿಪ್‌ಸ್ಟಿಕ್ಕನ್ನು ಒಂದಿಷ್ಟೂ ಉಳಿಯದಂತೆ ಒರೆಸಿದಳು. ಆಮೇಲೆ ಒಳಗೆ ಹೋದಳು.

ಅವನು ಮೇಜಿನ ಮೇಲಿನ ಕಂಬಳಿಯಿಂದ ಗಾಜಿನ ಪುಡಿ ಕೊಡವುತ್ತಿದ್ದ. ಅವಳನ್ನು ಕಂಡದ್ದೇ ಕೈಗಳು ತಾವಾಗಿ ಹಿಂದೆ ಹೋದವು.

"ಆ ಕಲೆ ನಂದು," ಎಂದಳು. "ಬಿಳಿ ಅಂಗಿ ಮೇಲಿಂದು. ನಿನ್ನ ಬೆರಳಿಂದಲ್ಲ, ನನ್ನ ಮೂಗಿಂದ ಬಿದ್ದದ್ದು. ನೀನು ಆ ಕಡೆ ನೋಡ್ತಿದ್ದೆ. ನಾನು ಇಸ್ತ್ರಿ ಒತ್ತಿದೆ, ದಾರ ಹಾಕಿದೆ, ನಿನ್ನ ಮೇಲೆ ಹೊರಿಸಿದೆ."

ಒಮ್ಮೆ ಕಟ್ಟೆಯೊಡೆದ ಮೇಲೆ ಎಲ್ಲವೂ ಬಂತು. ಮರೂನ್ ದಿಂಬು, ಅಮ್ಮ, ತುಟಿಯ ಚುಕ್ಕೆ, ತಲೆಯ ಗಂಟು, ಹುಟ್ಟಬಹುದಾದ ಮಕ್ಕಳ ಮಾತು. ಹೇಸಿಗೆ ಎಂದದ್ದು ಸುಳ್ಳೆಂದೂ, ಅವನು ಟೀ ಲೋಟ ಹಿಡಿಯುವುದನ್ನು ತಾನು ಕದ್ದು ಕದ್ದು ನೋಡುತ್ತಿದ್ದೆನೆಂದೂ ಹೇಳಿದಳು. ಅವನು ಅಲುಗಾಡದೆ ಕೇಳಿದ.

ಕೇಳಿ ಮುಗಿದ ಮೇಲೆ ಅವನ ಕಣ್ಣು ಕೆಂಪಾಗಿತ್ತು. ಕರುಣೆ ಅಂದುಕೊಂಡಳು. ಅಲ್ಲ, ಸಿಟ್ಟು.

"ನಿನ್ನ ಕಾಯಿಲೆ ಬಗ್ಗೆ ನನಗೆ ಏನೂ ಇಲ್ಲ. ಅದಕ್ಕೆ ಯಾರು ಏನು ಮಾಡೋಕಾಗುತ್ತೆ? ಆದ್ರೆ ನನ್ನ ಕೈ... ನಮ್ಮಪ್ಪ ಕೆಲಸ ಕಲಿಸಿದ ಕೈ ಇದು. ಇಷ್ಟು ದಿನ ನಾನು ನನ್ನ ಕೈಗೇ ಹೇಸಿಕೊಂಡು ಬದುಕಿದೀನಿ. ನಿನಗೆ ಗೊತ್ತಿತ್ತು. ದಿನಾ ನೋಡ್ತಿದ್ದೆ. ಒಂದು ಮಾತು ಹೇಳಲಿಲ್ಲ ನೀನು."

"ಹೇಳಲಿಲ್ಲ."

"ಯಾಕೆ?"

"ನಾಚಿಕೆ ಆಯ್ತು. ಆಮೇಲೆ ಹೇಳಲಿಲ್ಲ ಅಂತ ನಾಚಿಕೆ ಆಯ್ತು. ಅದು ಬೆಳೀತಾನೇ ಹೋಯ್ತು."

ಅವನು ಮುಖ ತಿರುಗಿಸಿಕೊಂಡ. ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಕ್ಷಮಿಸು ಎನ್ನುವ ಮಾತು ಅವಳ ಬಾಯಿಗೆ ಬಂದಿತ್ತು. ಅದನ್ನು ಕೇಳುವ ಮುಖ ತನಗಿಲ್ಲ ಅನ್ನಿಸಿ ನುಂಗಿಕೊಂಡಳು.

"ಗ್ಲೌಸ್ ತೆಗೆದುಬಿಡು. ಅಷ್ಟು ಹೇಳೋಕೇ ಬಂದೆ. ಸೋಮವಾರ ಆಸ್ಪತ್ರೆಗೆ ಸೇರ್ತೀನಿ. ಅದಕ್ಕೆ ಮುಂಚೆ ನಿನಗೆ ಗೊತ್ತಾಗಬೇಕಿತ್ತು."

ಹಿಂತಿರುಗಿ ನೋಡದೆ ನಡೆದಳು. ಯಾರೂ ಕರೆಯಲಿಲ್ಲ.

ಆಸ್ಪತ್ರೆಗೆ ಹೊರಡುವ ದಿನ ಚಿಕ್ಕಮ್ಮ ಚೀಲದಲ್ಲಿ ಮರೂನ್ ದಿಂಬಿನ ಚೀಲವೊಂದನ್ನು ಮಡಿಸಿಡುತ್ತಿದ್ದರು. ಅವಳು ಅದನ್ನು ತೆಗೆದು ಮಂಚದ ಮೇಲೆ ಇಟ್ಟಳು. ಅಲ್ಲಿ ಬಿಳಿಯ ದಿಂಬು ಕೊಡುತ್ತಾರೆ, ಅದರ ಮೇಲೇ ಮಲಗುತ್ತೇನೆ ಎಂದಳು. ಬಯ್ಯಲು ಬಾಯಿ ತೆರೆದ ಚಿಕ್ಕಮ್ಮ ಚೀಲದ ಜಿಪ್ ಎಳೆದರು.

ವಾರ್ಡಿನಲ್ಲಿ ಡಾಕ್ಟರಮ್ಮ ಬಂದು ಮನೆಯ ಇತರರ ವಿಷಯ ಮತ್ತೆ ಕೇಳಿದಾಗ ಚಿಕ್ಕಮ್ಮ ಬೆರಳು ಹಿಸುಕಿಕೊಂಡರು. ಆಮೇಲೆ ಗ್ರಂಥಾಲಯದ ದನಿಯಲ್ಲಿ, ತನಗೂ ರಕ್ತ ಬರುತ್ತದೆ ಎಂದರು.

"ಅಕ್ಕ ಒಂದು ವಾರದಿಂದ ತಲೆನೋವು ಅಂತಿದ್ಲು, ಡಾಕ್ಟ್ರೇ. ಆಸ್ಪತ್ರೆಗೆ ಹೋದ್ರೆ ಮೂಗಿನ ವಿಷಯ ಹೊರಬೀಳುತ್ತೆ ಅಂತ ನಾನೇ ಬೇಡ ಅಂದೆ. ನಾನೇ..."

ಅವಳು ಚಿಕ್ಕಮ್ಮನ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡಳು. ಸಿಟ್ಟು ಬರಬೇಕಿತ್ತು. ತಾನೂ ಅದನ್ನೇ ಮಾಡಿದವಳಲ್ಲವೇ ಎಂದುಕೊಂಡಳು, ಸಿಟ್ಟು ಬರಲಿಲ್ಲ.

ಚಿಕಿತ್ಸೆಯ ಬೆಳಿಗ್ಗೆ ಅವಳನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಕರೆದೊಯ್ಯುವಾಗ ಕಾರಿಡಾರಿನ ತುದಿಯಲ್ಲಿ ಅವನು ನಿಂತಿದ್ದ. ಆ ಬಿಳಿ ಅಂಗಿಯನ್ನೇ ತೊಟ್ಟಿದ್ದ. ತೋಳು ಮಡಿಸಿರಲಿಲ್ಲ. ಪಟ್ಟಿಯ ಮೇಲೆ ಕಂದು ಕಲೆ, ಪಕ್ಕದಲ್ಲಿ ಬಿಚ್ಚದೆ ಉಳಿದ ಕೆಂಪು ದಾರ. ಕೈಗಳು ಬರಿದಾಗಿದ್ದವು.

"ಸಿಟ್ಟು ಇನ್ನೂ ಇಳಿದಿಲ್ಲ," ಅಂದ. "ಸಿಟ್ಟಲ್ಲೇ ಬಂದೆ."

"ಮತ್ತೆ ಯಾಕೆ ಬಂದೆ?"

"ಬಯ್ಯೋದು ಬಾಕಿ ಇದೆ. ನೀನು ಸರಿಯಾಗಿ ವಾಪಸ್ ಬರಬೇಕು, ಆಮೇಲೆ ಬಯ್ತೀನಿ."

ಕೈ ಚಾಚಿದ. ಗೀರುಗಳೆಲ್ಲ ಇದ್ದ ಅದೇ ಕೈ. ಅವಳು ಅದನ್ನು ತೆಗೆದುಕೊಂಡು ತನ್ನ ತುಟಿಗೆ, ಲಿಪ್‌ಸ್ಟಿಕ್ ಇಲ್ಲದ ಆ ಚುಕ್ಕೆಗಳ ತುಟಿಗೆ, ಒತ್ತಿಕೊಂಡಳು. ಬಾಗಿಲವರೆಗೂ ಅವನು ಬಿಡಿಸಿಕೊಳ್ಳಲಿಲ್ಲ.

ಗಂಟು ಮುಚ್ಚಿತು. ವಾಪಸು ಬಂದಳು. ಬಯ್ಯುವ ಕೆಲಸವನ್ನು ಅವನು ಬಾಕಿ ಉಳಿಸಲಿಲ್ಲ, ಕಂತು ಕಂತಾಗಿ ತೀರಿಸಿದ. ಕೆಲವು ದಿನ ಮಾತೇ ಆಡುತ್ತಿರಲಿಲ್ಲ, ಆದರೂ ಬಂದು ಕುಳಿತು ಹೋಗುತ್ತಿದ್ದ. ಸಿಟ್ಟು ಕರಗಲು ತಿಂಗಳುಗಳೇ ಹಿಡಿದವು. ಅವಳು ಅವಸರಪಡಿಸಲಿಲ್ಲ. ಚಿಕ್ಕಮ್ಮನಿಗೂ ತಲೆಯ ಪರೀಕ್ಷೆಯಾಯಿತು, ಅವರ ತಲೆಯಲ್ಲಿ ಏನೂ ಇರಲಿಲ್ಲ. ಬರಿಯ ಹಠ ಇದೆ ಎಂದು ಡಾಕ್ಟರಮ್ಮ ನಗಾಡಿದರು.

ಅವಳು ಮತ್ತೆ ಅಂಗಡಿಗೆ ಹೋಗತೊಡಗಿದಳು. ತಲೆನೋವಿಗೆ ಚಿಕಿತ್ಸೆಯಾಯಿತು ಎಂದಷ್ಟೇ ಯಜಮಾನರಿಗೆ ಗೊತ್ತಿತ್ತು. ಹೇಳಬೇಕಾದ ಒಂದು ಮಾತು ಇನ್ನೂ ಉಳಿದಿತ್ತು. ದಿನಾ ನಾಳೆ ಎನ್ನುತ್ತಿದ್ದಳು.

ಒಂದು ಶನಿವಾರ ಸಂಜೆ ಅಂಗಡಿ ತುಂಬ ಗಿರಾಕಿಗಳಿದ್ದರು. ಗಾಜಿನವನು ಹೊಸ ಅಂಗಿ ಪಡೆಯಲು ಬಂದಿದ್ದ, ಅದೂ ಬಿಳಿಯದೇ. ಅವಳು ಮೇಜಿನ ಮೇಲೆ ಬಿಡಿಸಿ ತೋರಿಸುತ್ತಿದ್ದಳು. ಮೂಗಿನೊಳಗೆ ಬಿಸಿ ಸುಳಿಯಿತು. ಹನಿ ಬಿದ್ದೇಬಿಟ್ಟಿತು. ಈ ಸಲ ಅವನು ಅವಳನ್ನೇ ನೋಡುತ್ತಿದ್ದ.

"ಏನಮ್ಮಾ ಅದು?" ಯಜಮಾನರು ಕನ್ನಡಕಕ್ಕೆ ಕೈ ಹಾಕಿದರು.

ಅವನು ಥಟ್ಟನೆ ಬರಿಗೈಯನ್ನು ಮುಂದೆ ಚಾಚಿದ.

"ನನ್ನ ಬೆರಳಿಂದ, ಸಾರ್. ಈಗ ತಾನೇ ಕೊಯ್ದುಕೊಂಡೆ, ಅದು..."

"ಅಲ್ಲ ಸಾರ್," ಎಂದಳು ಅವಳು. ದನಿ ನಡುಗಿತು, ನಿಲ್ಲಲಿಲ್ಲ. "ನಂದು. ನನ್ನ ಮೂಗಿಂದ ಬಿತ್ತು. ನನಗೆ ಹುಟ್ಟಿನಿಂದ ಈ ಕಾಯಿಲೆ ಇದೆ. ಹಿಂದೆ ಒಂದು ಸಲ ಇವರ ಅಂಗಿ ಮೇಲೆ ಬಿದ್ದದ್ದೂ ನಂದೇ. ಆ ದಾರ ನಾನು ಸುಳ್ಳಿಗೆ ಹಾಕಿದ್ದು."

ಗಿರಾಕಿಗಳು ಅವಳ ಮುಖ ನೋಡಿದರು. ಅವಳ ಕಿವಿ ಕಾದವು, ಮೈ ಹಿಡಿಯಾಯಿತು. ಆದರೆ ತಲೆ ತಗ್ಗಿಸಲಿಲ್ಲ.

ಯಜಮಾನರು ಅಂಗಿ ನೋಡಿದರು, ಅವಳನ್ನು ನೋಡಿದರು. ಮೇಜಿನ ಕೆಳಗಿನಿಂದ ಒಂದು ಸ್ಟೂಲು ಎಳೆದರು.

"ಮೊದಲು ಕೂತ್ಕೋ. ಮೂಗು ಒತ್ತಿ ಹಿಡಿ. ಆ ದಾರದ ಲೆಕ್ಕ ನಾಳೆ ಮಾತಾಡೋಣ," ಎಂದು ಹೇಳಿ ಮುಂದಿನ ಗಿರಾಕಿಯ ಬಟ್ಟೆಗೆ ಕೈ ಚಾಚಿದರು.

ಅವನು ಅವಳ ಪಕ್ಕ ಮಂಡಿಯೂರಿ ಕುಳಿತ. ಕರ್ಚೀಫು ಕೊಟ್ಟ, ಬಿಳಿಯದು. ಅವಳು ಹಿಂಜರಿಯದೆ ತೆಗೆದುಕೊಂಡಳು.

"ನಾನು ಒಪ್ಕೋತಿದ್ನಲ್ಲ. ಯಾಕೆ ಹೇಳಿದೆ?"

"ನಿನಗೆ ಒಂದು ಉತ್ತರ ಕೊಡೋದು ಬಾಕಿ ಇತ್ತು. ಇದನ್ನ ಹೇಳದೆ ಅದನ್ನ ಹೇಳೋ ಹಾಗಿರಲಿಲ್ಲ."

"ಯಾವ ಉತ್ತರ?" ಅವನ ಕಿವಿ ಆಗಲೇ ಕೆಂಪಾಗತೊಡಗಿತ್ತು.

"ಆಗೋಣ."

ಅವನು ಮೇಜಿನ ಮೇಲಿನ ಅಂಗಿಯತ್ತ ಗಲ್ಲ ತೋರಿಸಿ ಕೇಳಿದ, "ಇದನ್ನೇ ಹಾಕ್ಕೊಳ್ಳಲಾ, ಆ ದಿನ? ಕಲೆ ಹೋಗುತ್ತಾ?"

"ತಣ್ಣೀರಲ್ಲಿ ತೊಳೀತೀನಿ, ಹೋಗುತ್ತೆ."

"ಹೋಗದಿದ್ರೆ?"

"ಕೇಳಿದವರಿಗೆಲ್ಲ ನಂದು ಅಂತ ಹೇಳ್ತೀನಿ."